ಆಂಟನಿ ಗೌಡಿ

ಆಂಟನಿ ಗೌಡಿ (ಜೂನ್ 25, 1852 – ಜೂನ್ 10, 1926) ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತ್ಯದ ಪ್ರಸಿದ್ಧ ವಾಸ್ತುಶಿಲ್ಪಿ. ಬಾರ್ಸಿಲೋನಾ ನಗರದ ಸಗ್ರಾಡಾ ಫಮಿಲಿಯಾ ಚರ್ಚಿನ ಮೂಲಕ ಅವರು ಲೋಕವಿಖ್ಯಾತರಾದರು. ಬಾಡಿಗೆ ಮನೆ, ನಿವೇಶನಗಳ ಬಡಾವಣೆಯಂತಹ ವ್ಯಾಪಾರೋದ್ದೇಶದ ನಿರ್ಮಾಣಗಳಲ್ಲಿಯೂ ಶಿಲ್ಪ ಮತ್ತು ಕುಸುರಿ ಕಲೆಗಳನ್ನು ಕಟ್ಟಡದ ಅಂಗವಾಗಿಯೇ ಬೆಸೆದುದು ಅವರ ವೈಶಿಷ್ಟ್ಯ.

ಆರಂಭಿಕ ಜೀವನ

ಗೌಡಿಯವರ ಜನ್ಮಸ್ಥಳ ರೆಯುಸ್ ಪಟ್ಟಣದ ಪರಿಸರ. ತಂದೆ ತಾಮ್ರದ ಪಾತ್ರೆಗಳನ್ನು ತಯಾರಿಸುವ ಕುಶಲಕರ್ಮಿ. ಬಾಲ್ಯದಲ್ಲಿ ಗೌಡಿಯವರನ್ನು ಕೀಲುನೋವು ಬಾಧಿಸುತ್ತಿತ್ತು. 1878ರಲ್ಲಿ ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ಅದೇ ವರ್ಷ ಪ್ಯಾರಿಸಿನ ವಸ್ತುಪ್ರದರ್ಶನದಲ್ಲಿ, ಕೈಗವಸಿನ ವ್ಯಾಪಾರಿಯೊಬ್ಬನಿಗಾಗಿ ಅವರು ರಚಿಸಿದ್ದ ಗಾಜಿನ ಪೆಟ್ಟಿಗೆಯು ಉದ್ಯಮಿ ಯುಸೇಬಿ ಗ್ವೆಲ್ ಅವರ ಗಮನ ಸೆಳೆಯಿತು. ಮುಂದೆ ಗ್ವೆಲ್ ಅವರೇ ಗೌಡಿಯವರ ಪ್ರಮುಖ ಆಶ್ರಯದಾತರಾದರು.

ಪಾರ್ಕ್ ಗ್ವೆಲ್

1900ರಲ್ಲಿ ಗ್ವೆಲ್ ನಗರದಂಚಿನ ಗುಡ್ಡವೊಂದರಲ್ಲಿ ಸಿರಿವಂತರಿಗಾಗಿ ಸುಮಾರು 60 ನಿವೇಶನಗಳ ಬಡಾವಣೆಯನ್ನು ಯೋಜಿಸಿ ಗೌಡಿಯವರಿಗೆ ಒಪ್ಪಿಸಿದರು. ಗೌಡಿ ಗುಡ್ಡವನ್ನು ಕಡಿದು ಸಮತಟ್ಟು ಮಾಡದೆ, ಅದರ ಏರಿಳಿತಕ್ಕೆ ಹೊಂದುವಂತೆ ದಾರಿಗಳನ್ನೂ ಕಲ್ಲಿನ ಮೇಲ್ಸೇತುವೆಗಳನ್ನೂ ರೂಪಿಸಿದರು. ಬಡಾವಣೆಯ ಸಂತೆಗೆಂದು 86 ಕಂಬಗಳ ಮಂಟಪ ಎದ್ದಿತು. ಅದರ ಮೇಲಿನ ಬಯಲಿನಲ್ಲಿ ಬಿದ್ದ ಮಳೆನೀರು ಸೋಸಿ, ಕಂಬಗಳೊಳಗಿನಿಂದ ಇಳಿದು ನೆಲದಡಿಯ ತೊಟ್ಟಿಯನ್ನು ಸೇರುತ್ತದೆ. ಬಯಲಿನ ಅಂಚಿನ ಹಾವಿನಾಕಾರದ ಆಸನಕ್ಕೆ ಒಡೆದ ಹೆಂಚು, ಪಿಂಗಾಣಿ ಚೂರುಗಳ ಹೊದಿಕೆಯಿದೆ. ಇದರಲ್ಲಿ ಸಹವರ್ತಿ ಜುಸೆಪ್ ಮರಿಯಾ ಜುಜೋಲ್ ಅವರ ಪಾಲು ದೊಡ್ಡದು.

ವ್ಯಾಪಾರದ ದೃಷ್ಟಿಯಿಂದ ಯೋಜನೆ ಸೋತಿತು. ನಗರಕ್ಕೆ ಅನುಕೂಲಕರ ಸಾರಿಗೆ ಇರಲಿಲ್ಲ. ಖರೀದಿಯ ಷರತ್ತುಗಳೂ ಬಿಗಿಯಾಗಿದ್ದವು. ಹೊಸದಾಗಿ ಕಟ್ಟಲಾದದ್ದು ಎರಡೇ ಮನೆಗಳು. ಅವುಗಳಲ್ಲಿ ಮಾದರಿ ಮನೆಯನ್ನು ಕೊಳ್ಳುವವರಿಲ್ಲದೆ, 1906ರಲ್ಲಿ ಗೌಡಿಯವರೇ ಅಲ್ಲಿ ನೆಲೆಸಿದರು. 1914ರಲ್ಲಿ ಕೆಲಸ ನಿಂತಿತು. 1918ರಲ್ಲಿ ಗ್ವೆಲ್ ನಿಧನರಾದರು. 1922ರಲ್ಲಿ ನಗರಸಭೆ ಆ ಭೂಮಿಯನ್ನು ಕೊಂಡು, 1926ರಲ್ಲಿ ಸಾರ್ವಜನಿಕ ಉದ್ಯಾನವಾಗಿ ತೆರೆಯಿತು. ನಿವೇಶನಗಳು ಮಾರಾಟವಾಗದಿದ್ದರೂ, ಅವುಗಳಿಗೆ ಮೆರುಗಾಗಬೇಕಿದ್ದ ಕಲೆ ಹೀಗೆ ಇಡೀ ನಗರದ ಸೊತ್ತಾಯಿತು.

ಕಾಸಾ ಮಿಲಾ

1906–1912ರ ಅವಧಿಯಲ್ಲಿ ಗೌಡಿ ಕಟ್ಟಿದ ಕಾಸಾ ಮಿಲಾ, ಮಾಲೀಕರ ನಿವಾಸದೊಂದಿಗೆ ಬಾಡಿಗೆ ಮನೆಗಳನ್ನೂ ಒಳಗೊಂಡ ಕಟ್ಟಡ. ಅಲೆಯಂತೆ ಬಳುಕುವ ಕಲ್ಲಿನ ಮುಂಭಾಗವನ್ನು ಕಂಡ ಜನ ಅದನ್ನು ಕಲ್ಲುಗಣಿಯೆಂದು ಲೇವಡಿ ಮಾಡಿದರು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳು ಬಂದವು. ಭಾರವನ್ನು ಗೋಡೆಗಳ ಬದಲು ಕಂಬಗಳು ಹೊರುವುದರಿಂದ ಒಳಗಿನ ಕೋಣೆಗಳನ್ನು ಬೇಕಾದಂತೆ ಬದಲಾಯಿಸಬಹುದಿತ್ತು. ಕಟ್ಟಡ ನಿಯಮ ಮೀರಿದೆಯೆಂದು ನಗರಾಡಳಿತ ಆಕ್ಷೇಪಿಸಿದರೂ, ಕೊನೆಗೆ ಅದರ ಕಲಾಮಹತ್ವವನ್ನು ಮನ್ನಿಸಿ ವಿನಾಯಿತಿ ನೀಡಿತು. ಸಂಭಾವನೆಗಾಗಿ ಗೌಡಿ ಮಾಲೀಕರ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಗೆದ್ದು, ಬಂದ ಹಣವನ್ನು ದಾನ ಮಾಡಿದರು.

ನಿಧನ ಮತ್ತು ಮನ್ನಣೆ

1883ರಿಂದ ಸಗ್ರಾಡಾ ಫಮಿಲಿಯಾದ ಹೊಣೆ ಹೊತ್ತಿದ್ದ ಗೌಡಿ ಕೊನೆಯ ವರ್ಷಗಳನ್ನು ಅದಕ್ಕೇ ಮೀಸಲಿಟ್ಟರು. 1926ರ ಜೂನ್ 7ರಂದು ಟ್ರಾಮ್ ಡಿಕ್ಕಿ ಹೊಡೆಯಿತು. ಜೀರ್ಣವಾದ ಉಡುಪಿನಲ್ಲಿದ್ದ ಅವರನ್ನು ಭಿಕ್ಷುಕನೆಂದು ಭಾವಿಸಿದ್ದರಿಂದ ಚಿಕಿತ್ಸೆ ತಡವಾಯಿತು. ಮೂರು ದಿನಗಳ ಬಳಿಕ ನಿಧನರಾದರು. ಅವರ ಸಮಾಧಿ ಅದೇ ಚರ್ಚಿನ ನೆಲಮಾಳಿಗೆಯಲ್ಲಿದೆ. 1984ರಲ್ಲಿ ಯುನೆಸ್ಕೋ ಪಾರ್ಕ್ ಗ್ವೆಲ್, ಗ್ವೆಲ್ ಅರಮನೆ ಹಾಗೂ ಕಾಸಾ ಮಿಲಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.