ನಂದಗಡದ ಆಲದ ಮರ

ಪ್ರತಿ ವರ್ಷ ಜನವರಿ 26ರಂದು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಮ್ಮ ಕುಟುಂಬಗಳಲ್ಲಿ ಮಕ್ಕಳು ಧ್ವಜವಂದನೆಗೆ ಹೊರಡುತ್ತಾರೆ; ಹಿರಿಯರು ಬಲಿಪೂಜೆಯಲ್ಲಿ ನಾಡಿಗಾಗಿ ಪ್ರಾರ್ಥಿಸುತ್ತಾರೆ. 1831ರಲ್ಲಿ ಇದೇ ದಿನ, ಬೆಳಗಾವಿ ಸೀಮೆಯ ನಂದಗಡದಲ್ಲಿ, ಅಂದಿನ ಸರ್ಕಾರವು ಒಬ್ಬ ಯುವಕನನ್ನು ಗಲ್ಲಿಗೇರಿಸಿತು. ಆತನೇ ಸಂಗೊಳ್ಳಿ ರಾಯಣ್ಣ. ಊರಿಗೆ ಹೊರಡುವಾಗ ನಾವು ರೈಲು ಹತ್ತುವ ಬೆಂಗಳೂರಿನ ನಿಲ್ದಾಣ ಇಂದು ಅವನ ಹೆಸರನ್ನೇ ಹೊತ್ತಿದೆ. ಅವನು ಕ್ರೈಸ್ತನಲ್ಲ, ಆದರೂ ಅವನ ಬಾಳು ನಮ್ಮ ಮನಸ್ಸಾಕ್ಷಿಯನ್ನು ತಟ್ಟುವಂಥದು.

ಬೈಲಹೊಂಗಲದ ಸಮೀಪದ ಸಂಗೊಳ್ಳಿಯಲ್ಲಿ 1798ರ ಆಗಸ್ಟ್ 15ರಂದು ರಾಯಣ್ಣನು ಜನಿಸಿದನೆಂದು ನಾಡು ನಂಬಿದೆ. ಕುರುಬ ಮನೆತನದ ಅವನು ಕಿತ್ತೂರು ಸಂಸ್ಥಾನದ ಸೇವೆಯಲ್ಲಿದ್ದನು. 1824ರಲ್ಲಿ ಸಂಸ್ಥಾನದ ದತ್ತುಪುತ್ರನ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿಯು ಒಪ್ಪದೆ ಹೋದಾಗ ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು. ಅಕ್ಟೋಬರ್ 23ರಂದು ಕಂಪನಿಯ ಅಧಿಕಾರಿ ಥ್ಯಾಕರೆ ಹತನಾದನು; ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿಯು 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕೊನೆಯುಸಿರೆಳೆದಳು. ರಾಯಣ್ಣನೂ ಸೆರೆಸಿಕ್ಕಿದ್ದನು, ಆದರೆ ಕಂಪನಿಯು ಅವನನ್ನು ಬಿಡುಗಡೆ ಮಾಡಿತ್ತು.

ಸೇವೆಗಾಗಿ ಬಂದ ಮಾನ್ಯದ ಭೂಮಿಗೆ ಕುತ್ತು ಬಂದಾಗ ಅವನು ಮತ್ತೆ ಕತ್ತಿ ಹಿಡಿದನು. ದತ್ತುಪುತ್ರ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಯಲ್ಲಿ ಕೂರಿಸುವುದೇ ಅವನ ಗುರಿ. ಬಡ ರೈತರು ಅವನ ಬೆನ್ನಿಗೆ ನಿಂತರು. ಕಚೇರಿಗಳಿಗೆ ಬೆಂಕಿ ಬಿದ್ದಿತು, ಖಜಾನೆಗಳು ಲೂಟಿಯಾದವು. 1830ರ ಏಪ್ರಿಲಿನಲ್ಲಿ ನಂಬಿದವರ ಮೋಸದಿಂದ ಅವನು ಸೆರೆಯಾದನು. ವಿಚಾರಣೆ ನಡೆಯಿತು, ಮರಣದಂಡನೆಯ ತೀರ್ಪು ಬಂದಿತು.

ಅಂದಿನ ಅಧಿಕಾರಿಗಳ ವಾದವನ್ನು ಊಹಿಸುವುದು ಕಷ್ಟವಲ್ಲ. ಒಮ್ಮೆ ಕರುಣೆ ತೋರಿದೆವು, ಅವನು ಮತ್ತೆ ದಂಗೆಯೆದ್ದನು. ಇನ್ನು ಕ್ಷಮೆಗೆ ಎಡೆಯೆಲ್ಲಿ? ಇಂದಿಗೂ ಗಲ್ಲುಶಿಕ್ಷೆಯ ಪರವಾಗಿ ನಾವು ಕೇಳುವ ವಾದ ಇದೇ ಅಲ್ಲವೇ? ಅಂದು ಅದಕ್ಕೆ ಕಾನೂನಿನ ಮುದ್ರೆಯೂ ಇದ್ದಿತು. ಆದರೆ ಕಾಲ ಆ ತೀರ್ಪನ್ನು ತಿರುವಿಹಾಕಿತು. ಕಂಪನಿಯ ಅಪರಾಧಿಯು ನಾಡಿನ ಕಣ್ಮಣಿಯಾದನು. ನಂದಗಡದ ಆಲದ ಮರದ ಬಳಿ ಜನ ಇಂದಿಗೂ ಕೈಮುಗಿಯುತ್ತಾರೆ. ತಾಯಂದಿರು ಸಂತಾನಕ್ಕಾಗಿ ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ತೀರ್ಪು ಬದಲಾಯಿತು, ಹೋದ ಜೀವ ಮಾತ್ರ ಮರಳಲಿಲ್ಲ.

ಈ ಸತ್ಯ ನಮಗೆ ಹೊಸದೇನಲ್ಲ. ನಮ್ಮ ಪ್ರಭುವೂ ಪಿಲಾತನ ತೀರ್ಪಿನಂತೆ ಮಡಿದವರು. 1752ರಲ್ಲಿ ತಿರುವಾಂಕೂರು ಅರಸೊತ್ತಿಗೆಯು ಗುಂಡಿಕ್ಕಿ ಕೊಂದ ದೇವಸಹಾಯಂ 2022ರಲ್ಲಿ ಸಂತಪದವಿಗೇರಿದರು.

ಆದರೆ ಎಲ್ಲ ಅಪರಾಧಿಗಳೂ ರಾಯಣ್ಣನಂಥವರಲ್ಲ. ಮಗಳನ್ನು ಕಳೆದುಕೊಂಡ ತಾಯಿಯ ಕಣ್ಣೀರಿಗೆ ನ್ಯಾಯ ಸಿಗಲೇಬೇಕು, ಅಪಾಯಕಾರಿಯಾದವನು ಸೆರೆಯಲ್ಲಿರಲೇಬೇಕು. ಶತಮಾನಗಳ ಕಾಲ ಧರ್ಮಸಭೆಯೂ ರಾಜ್ಯದ ಈ ಅಧಿಕಾರವನ್ನು ಒಪ್ಪಿತ್ತೆಂಬುದನ್ನು ನಾವು ಮರೆಮಾಚಬೇಕಿಲ್ಲ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಇಂಥ ಶಿಕ್ಷೆ ಅನಿವಾರ್ಯವಾಗುವ ಸಂದರ್ಭಗಳು ಇಲ್ಲವೆನ್ನುವಷ್ಟು ವಿರಳವೆಂದು ಬೋಧಿಸಿದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶ ಗ್ರಂಥವನ್ನೇ ತಿದ್ದಿ, ಮರಣದಂಡನೆಯನ್ನು ಯಾವ ಕಾರಣಕ್ಕೂ ಒಪ್ಪಲಾಗದೆಂದು ಸಾರಿದರು. ಘೋರ ಪಾಪಿಯೂ ಮಾನವ ಘನತೆಯನ್ನು ಕಳೆದುಕೊಳ್ಳುವುದಿಲ್ಲ. ಪಶ್ಚಾತ್ತಾಪದ ಬಾಗಿಲನ್ನು ಮುಚ್ಚುವ ಹಕ್ಕು ಮನುಷ್ಯರಿಗಿಲ್ಲ. ಶಿಲುಬೆಯ ಮೇಲಿನ ಕಳ್ಳನಿಗೆ ಪರದೈಸು ದೊರೆತದ್ದು ಅವನ ಕೊನೆಯ ಗಳಿಗೆಯಲ್ಲಿ.

ನಮ್ಮ ದೇಶದ ಕಾನೂನಿನಲ್ಲಿ ಗಲ್ಲುಶಿಕ್ಷೆ ಇನ್ನೂ ಉಳಿದಿದೆ. ಅತ್ಯಪರೂಪದ ಪ್ರಕರಣಗಳಿಗೆ ಮಾತ್ರ ಅದು ಸಲ್ಲಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ನಂದಗಡವಿರುವ ಬೆಳಗಾವಿ ಜಿಲ್ಲೆಯಲ್ಲೇ ಹಿಂಡಲಗಾ ಕಾರಾಗೃಹವಿದೆ. ಗಲ್ಲಿನ ತೀರ್ಪು ಪಡೆದವರು ದಿನ ಎಣಿಸುವುದು ಅಲ್ಲಿಯೇ. ಮುಂದಿನ ಜನವರಿ 26ರಂದು ನಾಡಿಗಾಗಿ ಪ್ರಾರ್ಥಿಸುವಾಗ ಅವರನ್ನೂ, ಅವರಿಂದ ನೊಂದ ಕುಟುಂಬಗಳನ್ನೂ ಒಂದೇ ಉಸಿರಿನಲ್ಲಿ ನೆನೆಯೋಣ.