ರಕ್ತ ಕಡಿಮೆ ಏಕೆಂದು ಕೇಳಿದ ಲೂಸಿ

ಹುಡುಗಿಯೊಬ್ಬಳು ತಲೆಸುತ್ತಿ ಕುಳಿತರೆ ಸಾಕು, ರಕ್ತ ಕಡಿಮೆಯಾಗಿದೆ ಎಂದು ಎಲ್ಲರೂ ತೀರ್ಪು ಕೊಡುತ್ತಾರೆ. ಕಬ್ಬಿಣದ ಮಾತ್ರೆಯೂ ಕೈಗೆ ಬರುತ್ತದೆ. ಆದರೆ ಏಕೆ ಕಡಿಮೆಯಾಯಿತು ಎಂದು ಕೇಳುವವರು ವಿರಳ. ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಓದುತ್ತಿರುವ ನನಗೆ ಆ ಪ್ರಶ್ನೆಯನ್ನು ಕಲಿಸಿದವರು ಲೂಸಿ ವಿಲ್ಸ್.

ಲೂಸಿ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನಲ್ಲಿ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಆಗ ಅಲ್ಲಿ ಹೆಣ್ಣುಮಕ್ಕಳು ಪರೀಕ್ಷೆ ಬರೆಯಬಹುದಿತ್ತು, ಪದವಿ ಮಾತ್ರ ಸಿಗುತ್ತಿರಲಿಲ್ಲ! ಮೊದಲ ಮಹಾಯುದ್ಧ ಶುರುವಾದಾಗ ದಕ್ಷಿಣ ಆಫ್ರಿಕಾದಲ್ಲಿದ್ದ ಅವರು ದಾದಿಯಾಗಿ ಸೇವೆ ಮಾಡಿದರು. ಆಮೇಲೆ ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜು ಸೇರಿ 1920ರಲ್ಲಿ ವೈದ್ಯೆಯಾದಾಗ ವಯಸ್ಸು 32. ವಯಸ್ಸು ಮೀರುತ್ತಿದೆ ಎಂದು ಅರ್ಜಿ ಹಾಕಲು ಹಿಂಜರಿಯುವ ನಾವು ಇದನ್ನು ಗಮನಿಸಬೇಕು. ಅವರ ದೊಡ್ಡ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ನಲವತ್ತರ ವಯಸ್ಸಿನಲ್ಲಿ, 1928ರಲ್ಲಿ, ಲೂಸಿ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳ ಬಡ ಕಾರ್ಮಿಕ ಹೆಂಗಸರು ಬಸುರಿನಲ್ಲಿ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಸೋಂಕೇ ಇರಬೇಕೆಂದು ಮೊದಲು ಹುಡುಕಿದರು, ಸಿಗಲಿಲ್ಲ. ಆಗ ಅವರು ಆ ಹೆಂಗಸರ ತಟ್ಟೆ ನೋಡಿದರು. ಸೊಪ್ಪು, ಹಣ್ಣು, ಹಾಲು ಅದರಲ್ಲಿ ಅತಿ ಕಡಿಮೆ. ಅಂಥದೇ ಆಹಾರವನ್ನು ಇಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಕೊನೆಗೆ ಗುಣ ಕಂಡದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಲ್ಲಿ. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದ ವಸ್ತುವನ್ನು ಬಹಳ ಕಾಲ ವಿಲ್ಸ್ ಅಂಶ ಎಂದೇ ಕರೆದರು. ಅದೇ ಇಂದು ಬಸುರಿಯರಿಗೆ ಕಬ್ಬಿಣದ ಜೊತೆ ಕೊಡುವ ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು.

ಲೂಸಿ ಕಬ್ಬಿಣವನ್ನೂ ಬಿಡಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ಆಹಾರಕ್ಕೆ ಪಡಿತರವಿದ್ದಾಗ, ಊಟ ಮತ್ತು ಕಬ್ಬಿಣದ ಮಾತ್ರೆ ಬಸುರಿಯರ ಹಿಮೋಗ್ಲೋಬಿನ್ ಮೇಲೆ ಬೀರುವ ಪರಿಣಾಮವನ್ನು ತಂಡದೊಂದಿಗೆ ಅಧ್ಯಯನ ಮಾಡಿದರು.

ಸೂಕ್ಷ್ಮದರ್ಶಕದಡಿ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಕಬ್ಬಿಣ ಸಾಲದಿದ್ದರೆ ಕೆಂಪು ರಕ್ತಕಣಗಳು ಚಿಕ್ಕದಾಗಿ ಬಿಳಿಚಿಕೊಂಡಿರುತ್ತವೆ. ಫೋಲಿಕ್ ಆಮ್ಲ ಅಥವಾ ಬಿ12 ಸಾಲದಿದ್ದರೆ ದೊಡ್ಡದಾಗಿರುತ್ತವೆ. ಆದರೆ ನನ್ನ ಕಣಗಳು ಚಿಕ್ಕವು. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಹತ್ತರ ಆಸುಪಾಸು ಬಿಟ್ಟು ಮೇಲೇಳಲಿಲ್ಲ. ನಮ್ಮ ಮೇಡಂ ಸೂಚಿಸಿದಂತೆ ಇನ್ನೆರಡು ಪರೀಕ್ಷೆ ಮಾಡಿಸಿದೆ. ಕಬ್ಬಿಣ ಸರಿಯಾಗಿಯೇ ಇತ್ತು. ನಾನು ಥಲಸ್ಸೇಮಿಯಾ ವಾಹಕಿ. ಅದು ಅಪ್ಪನಿಂದ ಬಂದದ್ದು. ಊಟದಿಂದ ಬಂದದ್ದಲ್ಲ, ಊಟದಿಂದ ಹೋಗುವುದೂ ಇಲ್ಲ.

ಇದು ಕಾಯಿಲೆಯಲ್ಲ, ನಾನು ಆರಾಮಾಗಿದ್ದೇನೆ. ಆದರೆ ಮದುವೆಯಾಗುವ ಹುಡುಗನೂ ವಾಹಕನಾಗಿದ್ದರೆ, ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅಂಥ ಮಗು ಬದುಕಿನುದ್ದಕ್ಕೂ ರಕ್ತ ಹಾಕಿಸಿಕೊಳ್ಳಬೇಕಾದೀತು. ಆ ರಕ್ತದ ಮೂಲಕವೇ ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಹೃದಯ, ಯಕೃತ್ತಿಗೆ ಹಾನಿಯಾಗುತ್ತದೆ. ಕಬ್ಬಿಣ ಹೆಚ್ಚಾದರೂ ವಿಷವೇ. ಹಾಗಾಗಿ ಜಾತಕದ ಜೊತೆ ರಕ್ತದ ವರದಿಯನ್ನೂ ಕೇಳಬೇಕೆಂದು ಅಮ್ಮನಿಗೆ ಹೇಳಿದ್ದೇನೆ. ತಮ್ಮನಿಗೂ ಪರೀಕ್ಷೆ ಮಾಡಿಸಿದ್ದೇವೆ.

ನಮ್ಮಲ್ಲಿ ಹೆಚ್ಚಿನವರ ಸಮಸ್ಯೆ ಕಬ್ಬಿಣದ ಕೊರತೆಯೇ. ಅವರಿಗೆ ಊಟವೂ ಮಾತ್ರೆಯೂ ಬೇಕೇ ಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದಕ್ಕೆ ಅಡ್ಡಿ.

ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದ ಲೂಸಿ 1964ರಲ್ಲಿ ತೀರಿಕೊಂಡರು. ಕಾರಣ ಕೇಳದೆ ಔಷಧ ಕೊಡಬಾರದು ಎಂಬುದೇ ಅವರ ಬದುಕಿನಿಂದ ನಾನು ಕಲಿತ ಪಾಠ. ಮುಂದಿನ ಸಲ ಯಾರಾದರೂ ರಕ್ತ ಕಡಿಮೆ ಎಂದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಏಕೆ ಎಂದು ಕೇಳಿ.