ಮೋಗ್ಲಿಂಗರೂ ಕಾಲಜ್ಞಾನವೂ

ಮತಾಂತರವನ್ನು ಕುರಿತು ಐತಿಹಾಸಿಕ ಕಾದಂಬರಿ ರಚಿಸುವವರಿಗೆ ನಮ್ಮ ಗದಗು-ಬೆಟಗೇರಿಯಲ್ಲಿಯೇ ನಿಗೂಢವಾದ ಪ್ರೇರಣೆಯೊಂದುಂಟು. 1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗರು ಘಟ್ಟವನ್ನೇರಿ ಈ ಪ್ರಾಂತದಲ್ಲಿಯೂ ದುಡಿದರು. 1840ರ ಸುಮಾರಿಗೆ ಕಾಲಜ್ಞಾನದಲ್ಲಿ ನಂಬುಗೆಯಿಟ್ಟ ಜನರು ತಾವಾಗಿಯೇ ಮಿಶನರಿಗಳನ್ನು ಅರಸಿಕೊಂಡು ಬಂದರು. ತಮ್ಮ ಗುರುಗಳು ನುಡಿದ ಭವಿಷ್ಯವು ಈ ಪರದೇಶಿಗಳಿಂದ ಫಲಿಸುವುದೆಂದು ಅವರ ಆಸೆ. ಸಾವಿರಾರು ಜನ ತಮ್ಮ ಮತಕ್ಕೆ ಸೇರುವರೆಂದು ಪಾದ್ರಿಗಳ ಆಸೆ! 1841ರಲ್ಲಿ ಬೆಟಗೇರಿಯಲ್ಲಿ ಠಾಣ್ಯವೂ ಸಮೀಪದ ಮಲಸಮುದ್ರದಲ್ಲಿ ವಸತಿಯೂ ಆದವು. ನಿಂತವರು ಕೆಲವರೇ. ಅವರನ್ನು ಕರೆತಂದುದು ಓಲೆಯ ನುಡಿಯೋ ಹೊಲದ ಹಂಬಲವೋ? ಎರಡೂ ಇದ್ದಿರಬೇಕು; ಬರಗಾಲದ ಸೀಮೆಯವರಾದ ನಾವು ಅವರನ್ನು ಹಳಿಯಲಾರೆವು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಮುಂದೆ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿ, 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ತೀರಿಕೊಂಡರು.